ಕೆಂಡ ಕಂಡ ಎಲೆ

ಹುರಿದ ಊಲಾಂಗ್ ಚಹಾ ಕುಡಿದವರು ಹೆಚ್ಚಾಗಿ ಬೆಂಕಿಯನ್ನೇ ಹೊಗಳುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರು. ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳಲ್ಲಿ ಎಲೆಯನ್ನು ಬಿದಿರು ಬುಟ್ಟಿಯಲ್ಲಿ ಹರಡಿ, ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ ಗಂಟೆಗಟ್ಟಲೆ ಇಡುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಹುರಿಯುತ್ತಾರೆ. ಎಲೆಯ ಒಗರು ಮುರಿದು ಅದರ ಸ್ವಂತ ರುಚಿ ಹದಕ್ಕೆ ಬರಲೆಂದು ಇಷ್ಟೆಲ್ಲ ಶ್ರಮ. ಆದರೆ ಅದೇ ಬೆಂಕಿ ಕಳಪೆ ಎಲೆಯ ಕೊರತೆಯನ್ನೂ ಮುಚ್ಚುತ್ತದೆ. ಕಾಫಿ ಬೀಜವನ್ನು ಎಣ್ಣೆ ಬಿಡುವಷ್ಟು ಕಪ್ಪಗೆ ಹುರಿದರೆ ಅದು ಯಾವ ತೋಟದ್ದೆಂದು ಯಾರು ಹೇಳಬಲ್ಲರು? ಇಲ್ಲಿಯೂ ಹಾಗೆಯೇ.

ಚಿಕ್ಕ ಬಟ್ಟಲಿಗೆ ಎಲೆ ತುಂಬಿ, ಕುದಿನೀರು ಸುರಿದು, ಕೆಲವೇ ಸೆಕೆಂಡಿಗೆ ಬಸಿಯುವುದು ಅಲ್ಲಿನ ರೂಢಿ. ಕುಡಿಯುವ ಸುಖಕ್ಕೆ ಅದು ಸರಿ, ಹೋಲಿಕೆಗೆ ಸಾಲದು, ದೋಷಗಳು ನುಣುಚಿಕೊಳ್ಳುತ್ತವೆ. ಚೀನಾದ ಪರೀಕ್ಷಕರ ಕ್ರಮ ನಿರ್ದಯವಾದದ್ದು: 110 ಮಿಲಿಲೀಟರಿನ ಮುಚ್ಚಳದ ಬಟ್ಟಲಿಗೆ 5 ಗ್ರಾಂ ಎಲೆ, ಕುದಿಯುವ ನೀರು, ಮೊದಲ ಸಲ 2 ನಿಮಿಷ, ಆಮೇಲೆ 3, ಕೊನೆಗೆ 5. ಮೂರನೆಯ ಸಲಕ್ಕೆ ಬರಿಯ ಕಹಿ, ಸೀದ ವಾಸನೆ ಉಳಿದರೆ ಆ ಚಹಾದ ಬಂಡವಾಳ ಇದ್ದಿಲು ಮಾತ್ರ. ಬಸಿದ ಎಲೆಯನ್ನೂ ಬಿಡಿಸಿ ನೋಡಬೇಕು. ಹದವಾಗಿ ಹುರಿದದ್ದು ಮೆತ್ತಗೆ ಅರಳಿಕೊಳ್ಳುತ್ತದೆ. ಕರಕಲಾದದ್ದು ಎಷ್ಟು ನೆನೆದರೂ ಮುದುಡಿಯೇ ಇರುತ್ತದೆ.

ವೂಯಿಯ ಎರಡು ಮುಖ್ಯ ತಳಿಗಳನ್ನು ಹೀಗೆ ಪಕ್ಕಪಕ್ಕ ಇಟ್ಟರೆ ಸ್ವಭಾವ ಬೇರೆಯಾಗುತ್ತದೆ. ರೌಗುಯಿ ದಾಲ್ಚಿನ್ನಿಯ ಖಾರದೊಂದಿಗೆ ನೇರ ಮೂಗಿಗೆ ಏರುತ್ತದೆ. ಶುಯ್‌ಶಿಯನ್‌ಗೆ ಅಂಥ ಆರ್ಭಟವಿಲ್ಲ. ಬಾಯಿ ತುಂಬುವ ಮಂದತೆ, ಹಳೆಯ ಗಿಡದ್ದಾದರೆ ಪಾಚಿ ಹಿಡಿದ ತೊಗಟೆಯ ನೆನಪು, ನುಂಗಿದ ಮೇಲೆ ಗಂಟಲಲ್ಲಿ ನಿಧಾನವಾಗಿ ಏಳುವ ಸಿಹಿ. ಮಾರುಕಟ್ಟೆ ರೌಗುಯಿಯ ಹಿಂದೆ ಓಡುತ್ತಿದೆ. ಅದರಲ್ಲೂ ನ್ಯೂಲಾನ್‌ಕೆಂಗ್ ಎಂಬ ಕಿರಿದಾದ ಕಣಿವೆಯ ಹೆಸರಿದ್ದರೆ ಬೆಲೆ ಆಕಾಶಕ್ಕೆ. ಕಣಿವೆ ಪುಟ್ಟದು, ಅದರ ಹೆಸರು ಹೊತ್ತ ಪೊಟ್ಟಣಗಳಿಗೆ ಮಾತ್ರ ಬರವಿಲ್ಲ! ನನ್ನ ಮತ ಶುಯ್‌ಶಿಯನ್‌ಗೆ. ಮಧ್ಯಮ ಬೆಂಕಿಯನ್ನು ಅದರಷ್ಟು ಚೆನ್ನಾಗಿ ಅರಗಿಸಿಕೊಂಡ ಇನ್ನೊಂದು ತಳಿಯನ್ನು ನಾನು ಕುಡಿದಿಲ್ಲ.

ವೂಯಿಯ ಹೆಸರಾಂತ ಚಹಾ ದಾ ಹಾಂಗ್ ಪಾವೊ ಹೆಸರಿನ ಮೋಹವಂತೂ ಬೇಡ. ಬಂಡೆಯ ಮೇಲಿನ ಅದರ ಆರು ತಾಯಿಗಿಡಗಳಿಂದ ಎಲೆ ಕೀಳುವುದನ್ನು 2006ರಲ್ಲೇ ನಿಲ್ಲಿಸಿದ್ದಾರೆ. ಅಂಗಡಿಯಲ್ಲಿ ಸಿಗುವುದು ಬಹುಪಾಲು ಹಲವು ತಳಿಗಳ ಮಿಶ್ರಣ. ಮಿಶ್ರಣವೆಂಬುದೇ ದೋಷವಲ್ಲ, ಕುಶಲಿಗನ ಕೈಯಲ್ಲಿ ಅದು ಒಂಟಿ ತಳಿಗಿಂತ ಸಮತೋಲದ್ದಾಗಬಹುದು. ಆದರೆ ದಂತಕಥೆಗೂ ಸೇರಿಸಿ ದುಡ್ಡು ಕೊಡಬೇಕೆ?

ಅದೇ ಪ್ರಾಂತ್ಯದ ದಕ್ಷಿಣದ ಆನ್‌ಶಿಯಲ್ಲಿ ಕಥೆ ತಿರುಗುಮುರುಗು. ಅಲ್ಲಿನ ತಿಯೆಗ್ವಾನ್‌ಯಿನ್ ಹಿಂದೆ ಹುರಿದೇ ಕುಡಿಯುತ್ತಿದ್ದ ಚಹಾ. 1990ರ ದಶಕದ ನಂತರ ಹಸಿರು, ಹೂಗಂಪಿನ ಶೈಲಿ ಜನಪ್ರಿಯವಾಯಿತು. ಹಸಿರಿನದು ಮೊದಲ ಬಟ್ಟಲಿನ ಬೆರಗು, ಅಷ್ಟೆ. ಹುರಿದದ್ದು ಕೊನೆಯ ಬಟ್ಟಲಿನವರೆಗೂ ಮಾತಾಡುತ್ತದೆ.

ಇದು ಮೊದಲ ಗುಟುಕಿಗೇ ಒಲಿಯುವ ರುಚಿಯಲ್ಲ. ಚಿಂಗ್ ಕಾಲದ ಕವಿ, ಭೋಜನಪ್ರಿಯ ಯುವಾನ್ ಮೇ ವೂಯಿ ಚಹಾವನ್ನು ಔಷಧಿಯಂತೆ ಕಹಿಯೆಂದು ದೂರ ಇಟ್ಟಿದ್ದವನು. 1786ರಲ್ಲಿ ಆ ಬೆಟ್ಟಕ್ಕೇ ಹೋಗಿ, ಸನ್ಯಾಸಿಗಳು ಅಕ್ರೋಟಿನಷ್ಟು ಸಣ್ಣ ಬಟ್ಟಲಲ್ಲಿ ಕೊಟ್ಟದ್ದನ್ನು ಕುಡಿದು ಮನಸ್ಸು ಬದಲಿಸಿದ.

ಕೊಳ್ಳುವವರು ಕಣಿವೆಯ ಹೆಸರು ಕೇಳುವ ಮೊದಲು ಕೊನೆಯ ಸಲ ಹುರಿದದ್ದು ಯಾವಾಗ ಎಂದು ಕೇಳಿ. ತೀರ ಇತ್ತೀಚಿನದಾದರೆ ಡಬ್ಬಿ ಮುಚ್ಚಿ ಕೆಲವು ತಿಂಗಳು ಬಿಡಿ, ಬೆಂಕಿಯ ವಾಸನೆ ಇಳಿಯಲಿ. ಮಾರುವವನಿಗೆ ಆ ಪ್ರಶ್ನೆಗೇ ಉತ್ತರ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿ ನೋಡಿ.