ಹೊಳೆ ದಾಟಿ ಹಂಪಿ ನೋಡಬೇಕು

ಹಂಪಿಯನ್ನು ಒಂದೇ ದಿನದಲ್ಲಿ ನೋಡಿಬಿಡುವ ಯೋಜನೆಗಳೆಲ್ಲ ಒಂದೇ ಅಚ್ಚಿನವು. ಹೊಸಪೇಟೆಯಲ್ಲಿ ಇಳಿದು ಆಟೋ ಹಿಡಿಯುವುದು, ಇಷ್ಟು ಪಾಯಿಂಟಿಗೆ ಇಷ್ಟು ದುಡ್ಡು ಎಂದು ಮಾತಾಡಿಕೊಳ್ಳುವುದು. ಆಮೇಲೆ ವಿರೂಪಾಕ್ಷ, ಕಡಲೆಕಾಳು ಗಣಪ, ಉಗ್ರನರಸಿಂಹ, ಬಡವಿಲಿಂಗ, ಹಜಾರರಾಮ, ಕಮಲಮಹಲು, ಆನೆಸಾಲು. ಕೊನೆಗೆ ಐವತ್ತರ ನೋಟು ಹಿಡಿದು ಕಲ್ಲಿನ ರಥದ ಮುಂದೊಂದು ಫೋಟೊ.

ಆತುರವನ್ನು ನಾನು ತಪ್ಪೆನ್ನುವುದಿಲ್ಲ. ರಜೆ ಸಿಕ್ಕುವುದೇ ಒಂದು ದಿನ ಎಂದರೆ ಯಾರೇನು ಮಾಡಬೇಕು? ಆದರೆ ಈ ಸುತ್ತಿನಲ್ಲಿ ಗುಡಿಗಳು ಕಾಣುತ್ತವೆ, ಊರು ಕಾಣುವುದಿಲ್ಲ. ಗುಡಿಗೂ ಗುಡಿಗೂ ನಡುವಿನ ದಾರಿ, ಅಗಸಿ, ಕೋಟೆಗೋಡೆ, ಬಜಾರು ಎಲ್ಲ ಆಟೋದ ಪಕ್ಕದಲ್ಲಿ ಸರಿದುಹೋಗುತ್ತವೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಈ ಊರನ್ನು ಯಾವ ಒಂದು ಜಾಗದಲ್ಲಿ ನಿಂತರೂ ಪೂರ್ತಿ ನೋಡಲಾಗದು ಎಂದು ಬರೆದಿದ್ದಾನೆ. ಗುಡ್ಡ ಹತ್ತಿ ಕಂಡಷ್ಟು ಭಾಗವೇ ಅವನಿಗೆ ರೋಮಿನಷ್ಟು ದೊಡ್ಡದೆನಿಸಿತ್ತು. ಅದೇ ರೋಮಿಗೆ ಹೋದ ನಮ್ಮವರು ಅಲ್ಲಿ ಕಾಲು ಬೀಳುವವರೆಗೆ ನಡೆದು, ಬಂದ ಮೇಲೆ ವರ್ಷಗಟ್ಟಲೆ ಹೇಳಿಕೊಳ್ಳುತ್ತಾರೆ. ಹಂಪಿಯಲ್ಲಿ ಮಾತ್ರ ಆಟೋ ಇಳಿಯಲು ಮನಸ್ಸು ಬಾರದು.

ಯಲಬುರ್ಗಾ ಸೀಮೆಯ ಮಂಗಳೂರಿನಿಂದ (ಕಡಲ ದಂಡೆಯದಲ್ಲ, ನಮ್ಮದು) ಹೊರಟವರೂ ಕೊಪ್ಪಳ ದಾಟಿ ನೆಟ್ಟಗೆ ಹೊಸಪೇಟೆಗೇ ಹೋಗುತ್ತಾರೆ. ಹಿಟ್ನಾಳದ ಹತ್ತಿರ ಎಡಕ್ಕೆ ಹೊರಳಿದರೆ ಸಾಣಾಪುರದ ಮೇಲೆ ಆನೆಗೊಂದಿ. ಹಂಪಿಯ ದಿನ ಶುರುವಾಗಬೇಕಾದದ್ದು ಹೊಳೆಯ ಈ ದಡದಲ್ಲಿ ಎಂಬುದು ನನ್ನ ವಾದ. ಆಚೆ ದಡದಲ್ಲಿ ರಾಜಧಾನಿ ಏಳುವ ಮುಂಚೆಯೇ ಕೋಟೆಯಿದ್ದ ಊರು ಇದು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಇಲ್ಲಿ ಜನ ಇನ್ನೂ ಇದ್ದಾರೆ. ರಂಗನಾಥನ ಗುಡಿ, ಗಗನಮಹಲು, ಮರದ ತೇರು ಇರುವ ಬಯಲಲ್ಲೇ ಬೆಳಗಿನ ಚಹಾ, ಒಗ್ಗರಣಿ-ಮಿರ್ಚಿ ಸಿಗುತ್ತದೆ. ಹೊಳೆಯ ಕಡೆಗೆ ಇಳಿದರೆ ಹುಚ್ಚಪ್ಪಯ್ಯನ ಮಠ. ಕಡೆದು ನುಣುಪು ಮಾಡಿದ ಅದರ ಕರಿಗಲ್ಲಿನ ಕಂಬಗಳಲ್ಲಿ ವಿಜಯನಗರಕ್ಕಿಂತ ಹಳೆಯ ಚಾಲುಕ್ಯರ ಕೈ ಕಾಣುತ್ತದೆ. ಬಹಳ ಜನ ಆನೆಗೊಂದಿಯನ್ನು ದಾಟಿ ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹಾಗೇ ತಿರುಗಿ ಹೋಗುತ್ತಾರೆ. ಭಕ್ತಿಯ ಮಾತು ಬೇರೆ. ಆದರೆ ಸಂಜೆ ಆಚೆ ದಡದ ಮತಂಗ ಗುಡ್ಡ ಹತ್ತುವವರು ಬೆಳಿಗ್ಗೆಯೇ ಮೊಣಕಾಲು ಖರ್ಚು ಮಾಡಿಕೊಳ್ಳಬಾರದು. ದಿನಕ್ಕೊಂದೇ ಗುಡ್ಡ ಸಾಕು.

ಎಂಟಕ್ಕೆ ತಳವಾರಘಟ್ಟದ ದೋಣಿ ಹತ್ತಿರಬೇಕು. ಈ ಎರಡು ದಡಗಳನ್ನು ಸೇತುವೆಯಿಂದ ಜೋಡಿಸಹೊರಟದ್ದೇ 1999ರಲ್ಲಿ ಹಂಪಿಯನ್ನು ಯುನೆಸ್ಕೊದ ಅಪಾಯದ ಪಟ್ಟಿಗೆ ತಳ್ಳಿತ್ತು. 2006ರಲ್ಲಿ ಅದು ಪಟ್ಟಿಯಿಂದ ಹೊರಬಂತು. ಅರ್ಧ ಕಟ್ಟಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು. ಹಾಗಾಗಿ ಹೊಳೆ ಇಲ್ಲಿ ಇನ್ನೂ ಹೊಳೆಯಾಗಿಯೇ ಉಳಿದಿದೆ. ಪಾಯಸ್ ಕಂಡ ಹರಿಗೋಲು ಬುಟ್ಟಿಯಂತೆ ದುಂಡಗಿತ್ತು: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುವಷ್ಟು ದೊಡ್ಡದು. ಬೇಕಾದರೆ ಕುದುರೆ, ಎತ್ತುಗಳೂ ಅದರಲ್ಲಿ ದಾಟುತ್ತಿದ್ದವಂತೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್, ಡಾಂಬರು ಬಂದಿದೆ, ಜೊತೆಗೆ ಮೋಟಾರು ದೋಣಿಯೂ ಇದೆ. ದುಂಡಗಿನ ಆಕಾರ ಹಾಗೇ ಇದೆ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಬಂಡೆ ಕಾದು ಕಾಲಿಡಲಾಗದು. ಈ ನಡಿಗೆ ಏನಿದ್ದರೂ ದೀಪಾವಳಿಯಿಂದ ಶಿವರಾತ್ರಿಯವರೆಗೆ.

ಆಚೆ ದಡದಲ್ಲಿ ಗೆಜ್ಜಲ ಮಂಟಪದ ಹತ್ತಿರದಿಂದ ವಿಠ್ಠಲನ ಗುಡಿಗೆ ಬ್ಯಾಟರಿ ಗಾಡಿಗಳು ಓಡುತ್ತವೆ. ವಯಸ್ಸಾದವರಿಗೆ ಅದು ಬೇಕೇಬೇಕು. ಗಟ್ಟಿಯಿರುವವರು ಹತ್ತಿದರೆ ನಷ್ಟ ಅವರದೇ. ಅವರು ಕುಳಿತು ದಾಟುವ ಆ ಒಂದು ಕಿಲೋಮೀಟರೇ ವಿಠ್ಠಲನ ಬಜಾರು. ಎಡಬಲಕ್ಕೆ ಮುರಿದ ಮಂಟಪಗಳ ಸಾಲು, ಕುದುರೆ ಸವಾರರನ್ನು ಕೆತ್ತಿದ ಕುದುರೆಗೊಂಬೆ ಮಂಟಪ, ಪುಷ್ಕರಣಿ. ಗೋಪುರ ಹೆಜ್ಜೆಹೆಜ್ಜೆಗೂ ಎತ್ತರವಾಗುತ್ತ ಬರುತ್ತದೆ. ಕಟ್ಟಿದವರು ನಡೆದು ಬರುವ ಕಣ್ಣಿಗೆಂದೇ ಹಾಗೆ ಕಟ್ಟಿದ್ದಾರೆ. ಒಳಗೆ ಹೋದ ಮೇಲೆ ಗೈಡುಗಳು ಸಂಗೀತದ ಕಂಬದ ಕಥೆಗೇ ಹೊತ್ತು ಕಳೆಯುತ್ತಾರೆ. ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತು, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದು ಕಾಣುತ್ತದೆ ಎಂಬುದನ್ನು ಮಾತ್ರ ಅವರು ಹೇಳುವುದು ಕಡಿಮೆ. ನೋಟಿನ ಮೇಲಿರುವುದು ತಲೆ ಕಳೆದುಕೊಂಡ ರಥ.

ಇಲ್ಲಿ ಕೊಂಡ ಟಿಕೇಟಿನಲ್ಲೇ ಅದೇ ದಿನ ಕಮಲಮಹಲನ್ನೂ ನೋಡಬಹುದು. ಜನರನ್ನು ಓಡಿಸುವುದು ಈ ಆಸೆಯೇ. ಬಿಡಬೇಕು. ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿಯಲ್ಲಿ ಯಾವ ಕಲ್ಲು ಯಾವ ಬದಿಗೆ, ಯಾವ ಸಾಲಿಗೆ ಎಂದು ಕೆಲಸಗಾರರು ಕೆತ್ತಿಕೊಂಡ ಗುರುತುಗಳಿವೆ. ಅದನ್ನೆಲ್ಲ ಅರ್ಧ ಗಂಟೆಯಲ್ಲಿ ಮುಗಿಸುವ ಬದಲು ಅರಮನೆಯ ಭಾಗಕ್ಕೆ ಇನ್ನೊಂದು ಸಲ ಬರುವುದೇ ಮೇಲು.

ವಿಠ್ಠಲನಿಂದ ಹೊಳೆಯ ಗುಂಟ ಪಡುವಣಕ್ಕೆ ನಡೆದರೆ ತುಲಾಭಾರದ ಕಲ್ಲುಕಮಾನು, ಪುರಂದರ ಮಂಟಪ. ಚಕ್ರತೀರ್ಥದ ಕೋದಂಡರಾಮನ ಹತ್ತಿರ ಬುತ್ತಿ ಬಿಚ್ಚಬಹುದು: ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬಿಸಿಲು ಇಳಿಯುವವರೆಗೆ ಏಳಬೇಕಾಗಿಲ್ಲ. ಆಮೇಲೆ 1534ರ ಅಚ್ಯುತರಾಯನ ಗುಡಿ. ಇಷ್ಟು ದೊಡ್ಡ ಗುಡಿ, ಇಷ್ಟು ಅಗಲದ ಬಜಾರು, ಆದರೆ ರಸ್ತೆ ಇಲ್ಲದ್ದರಿಂದ ಆಟೋ ಪಟ್ಟಿಯಲ್ಲಿ ಹೆಸರೇ ಇಲ್ಲ. ಅಲ್ಲಿಂದ ಮತಂಗ. ಮೇಲೆ ವೀರಭದ್ರನ ಗುಡಿಯ ಬಳಿ ನಿಂತರೆ ಬೆಳಗಿನಿಂದ ನಡೆದ ದಾರಿ, ದಾಟಿದ ಹೊಳೆ, ಬಿಟ್ಟುಬಂದ ಆನೆಗೊಂದಿ ಎಲ್ಲ ಕೆಳಗೆ ಹರಡಿಕೊಂಡಿರುತ್ತವೆ. ಈ ನೋಟ ಬೆಳಿಗ್ಗೆ ಬಂದವರಿಗೂ ಸಿಗುತ್ತದೆ, ಆದರೆ ಅವರಿಗೆ ಅದರಲ್ಲಿ ಯಾವುದರ ಗುರುತೂ ಸಿಗದು.

ಕೊನೆಯ ಹಂಪಿ ಬಜಾರೇ ಈ ನಡಿಗೆಯ ಬಡ ಭಾಗ. ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಿದ ಮೇಲೆ ಅದು ಗುಡಿಸಿಟ್ಟ ಬೀದಿಯಾಗಿದೆ. ಕಲ್ಲಿಗೆ ಒಳ್ಳೆಯದಾಗಿರಬಹುದು, ಆದರೆ ಬಜಾರು ಎಂದರೆ ಕೊಡುವವರು, ಕೊಳ್ಳುವವರು ಇರಬೇಡವೇ?

ನನ್ನ ಯೋಜನೆಗೂ ಒಂದು ತೊಡಕಿದೆ. ಸ್ವಂತ ಕಾರು ತಂದವರ ಕಾರು ಸಂಜೆಗೆ ಆನೆಗೊಂದಿಯಲ್ಲಿ, ಅವರು ಹಂಪಿಯಲ್ಲಿ. ಕತ್ತಲಾದ ಮೇಲೆ ದೋಣಿಯನ್ನು ನಂಬಿಕೊಳ್ಳಲಾಗದು. ಬಸ್ಸಿನಲ್ಲಿ ಬಂದವರಿಗೆ ಈ ಚಿಂತೆಯಿಲ್ಲ. ವಿರೂಪಾಕ್ಷನಿಗೆ ಕೈಮುಗಿದು ಹೊಸಪೇಟೆಯ ಬಸ್ಸು ಹತ್ತಿದರೆ, ಅಲ್ಲಿಂದ ಕೊಪ್ಪಳಕ್ಕೆ ದಾರಿ ಇದ್ದೇ ಇದೆ.