ಢಿಕ್ಕಿಯೇ ಗೆಲುವಾದಾಗ

ಮೋಟಾರು ಪಂದ್ಯದ ವೀಡಿಯೋ ಆಟಗಳಲ್ಲಿ ಢಿಕ್ಕಿ ಎಂದರೆ ಸೋಲು. ಗಾಡಿ ಗೋಡೆಗೆ ತಗುಲಿತೋ, ಹಿಂದಿದ್ದವನು ಮುಂದಾದ. ಢಿಕ್ಕಿಯನ್ನೇ ಗೆಲುವಾಗಿಸಿದ ಆಟವೊಂದಿದೆ: ಇಂಗ್ಲೆಂಡಿನ ಕ್ರೈಟೀರಿಯನ್ ಸಂಸ್ಥೆ 2001ರಲ್ಲಿ ಆರಂಭಿಸಿದ ‘ಬರ್ನೌಟ್’ ಮಾಲೆ. ಇದರಲ್ಲಿ 2004ರ ‘ಬರ್ನೌಟ್ 3: ಟೇಕ್‌ಡೌನ್’ ಶ್ರೇಷ್ಠವೆಂಬುದು ನಮ್ಮ ಅಭಿಪ್ರಾಯ. ರಜೆಗೆ ನಾಸಿಕ್ ರೋಡಿಗೆ ಬಂದಿದ್ದ ಅಕ್ಕನ ಮಗ ಹಳೆಯ ಪ್ಲೇಸ್ಟೇಷನ್ನಿನಲ್ಲಿ ಇದನ್ನು ನಮಗೆ ಕಲಿಸಿದ. ನಲವತ್ತು ದಾಟಿದ ಗುಮಾಸ್ತನಿಗೆ ಇದೇನು ಹುಚ್ಚೆಂದು ವಾಚಕರು ನಗಬಹುದು, ನಗಲಿ. ಮೂರು ರಾತ್ರಿ ನಿದ್ದೆಗೆಟ್ಟು ಆಡಿದ ಮೇಲೆಯೇ ಬರೆಯುತ್ತಿದ್ದೇವೆ.

ಇದರ ‘ಕ್ರ್ಯಾಶ್’ ವಿಭಾಗದಲ್ಲಿ ಕೆಲಸ ಒಂದೇ. ಗಿಜಿಗುಡುವ ಚೌಕಕ್ಕೆ ಗಾಡಿ ನುಗ್ಗಿಸಿ ಆದಷ್ಟು ವಾಹನಗಳನ್ನು ಜಖಂಗೊಳಿಸಬೇಕು. ನಷ್ಟವನ್ನು ಡಾಲರಿನಲ್ಲಿ ಎಣಿಸಿ ಪದಕ ಕೊಡುತ್ತಾರೆ. ಕುರುಡಾಗಿ ನುಗ್ಗಿದರೆ ಪದಕವಿಲ್ಲ. ಯಾವ ಬಸ್ಸಿಗೆ ಓರೆಯಾಗಿ ತಾಗಿದರೆ ಅದು ಅಡ್ಡ ತಿರುಗಿ ದಾರಿ ಮುಚ್ಚೀತೆಂದು ಮೊದಲೇ ಲೆಕ್ಕ ಹಾಕಬೇಕು. ಕೇರಂ ಆಡಿದವರಿಗೆ ಈ ಸುಖ ಹೊಸದಲ್ಲ. ಗುದ್ದಿದ ಮೇಲೂ ನಿಧಾನಗತಿಯಲ್ಲಿ ಗಾಡಿಯನ್ನು ಗಾಳಿಯಲ್ಲೇ ವಾಲಿಸಬಹುದು.

ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯೆಂದು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿದ್ದೆವು. ನಿಜವಾದ ಢಿಕ್ಕಿ ಕಣ್ಣು ಮಿಟುಕಿಸುವುದರಲ್ಲಿ ಮುಗಿದು, ನಮಗೆ ಉಳಿಯುವುದು ಅದರ ಪರಿಣಾಮ ಮಾತ್ರ. ಆಟವು ಆ ಕ್ಷಣವನ್ನು ಹಿಗ್ಗಿಸಿ ತೋರಿಸುತ್ತದೆ. ಆಕರ್ಷಣೆಯ ಒಂದು ಗುಟ್ಟು ಇದು. ಇನ್ನೊಂದು, ದಿನವಿಡೀ ಕಡತಗಳನ್ನು ಓರಣವಾಗಿಡುವವನಿಗೆ ಕೆಡಿಸಲು ಸಿಗುವ ಅನುಮತಿ.

ಆದರೆ ಈ ರಸ್ತೆಗಳಲ್ಲಿ ಪಾದಚಾರಿಗಳಿಲ್ಲ, ರಕ್ತವಿಲ್ಲ, ನರಳಾಟವಿಲ್ಲ. 1976ರಲ್ಲಿ ಅಮೆರಿಕೆಯ ಎಕ್ಸಿಡಿ ಸಂಸ್ಥೆಯ ‘ಡೆತ್ ರೇಸ್’ ಬಂದಿತ್ತು. ಮನುಷ್ಯಾಕೃತಿಗಳ ಮೇಲೆ ಗಾಡಿ ಹರಿಸಿದರೆ ಚೀತ್ಕಾರ ಕೇಳಿ ಶಿಲುಬೆ ಮೂಡುತ್ತಿತ್ತು. ಅದರ ವಿರುದ್ಧ ದೊಡ್ಡ ಆಕ್ಷೇಪವೆದ್ದಿತು. ಅದಕ್ಕೆ ಹೋಲಿಸಿದರೆ ‘ಬರ್ನೌಟ್’ ಸಭ್ಯ. ಆದರೆ ಆ ಸಭ್ಯತೆಯಲ್ಲೇ ಜಾಣ ಮರೆವೂ ಇದೆ. ಮನುಷ್ಯನನ್ನು ಅಳಿಸಿದ್ದರಿಂದಲೇ ನಮಗೆ ಸಂತೋಷ ಸಾಧ್ಯವಾಯಿತು. ನಮ್ಮೂರಿನ ಮುದ್ರಣಾಲಯದಲ್ಲಿ 1928ರಿಂದಲೂ ನೋಟುಗಳು ಎಣಿಕೆಯಾಗಿಯೇ ಹೊರಬೀಳುತ್ತವೆ. ಆಟದ ಡಾಲರಿಗೆ ಮಾತ್ರ ಲೆಕ್ಕ ಕೇಳುವವರಿಲ್ಲ. ಗುಂಡಿಯೊತ್ತಿದರೆ ಚೌಕ ಮತ್ತೆ ಮೊದಲಿನಂತೆ.

ನಾಲ್ಕನೆಯ ಬೆಳಿಗ್ಗೆ ನಾಸಿಕ್‌ನ ಔರಂಗಾಬಾದ್ ರಸ್ತೆಯ ಕೂಡಿನಲ್ಲಿ ನಿಂತಿದ್ದೆವು. ಯಾವ ಟ್ರಕ್ಕಿಗೆ ಮೊದಲು ತಾಗಿಸಿದರೆ ಉಳಿದವು ಸಿಕ್ಕಿಬಿದ್ದಾವು ಎಂದು ಮನಸ್ಸು ತಾನೇ ಲೆಕ್ಕ ಹಾಕುತ್ತಿತ್ತು. 2022ರ ಅಕ್ಟೋಬರ್ 8ರ ನಸುಕಿನಲ್ಲಿ ಇದೇ ರಸ್ತೆಯಲ್ಲಿ ಖಾಸಗಿ ಬಸ್ಸೊಂದು ಟ್ರಕ್ಕಿಗೆ ಢಿಕ್ಕಿಯಾಗಿ ಹೊತ್ತಿ ಉರಿದು, ಹನ್ನೆರಡು ಮಂದಿ ಸತ್ತಿದ್ದರು. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಇದು ನೆನಪಾದಾಗ ನಾಚಿಕೆಯಾಯಿತು.

ಹಾಗೆಂದು ಆಟವನ್ನು ನಿಷೇಧಿಸಿ ಎನ್ನುವವರು ನಾವಲ್ಲ. ಆಟ ಕಲಿಸಿದ ಹುಡುಗ ರಸ್ತೆ ದಾಟುವಾಗ ನಮಗಿಂತ ಎಚ್ಚರಿಕೆಯವನು. ಆಟ ಚೆನ್ನಾಗಿದೆ, ಆಡಿ. ಅದು ಅಳಿಸಿದ ಮನುಷ್ಯನನ್ನು ಚೌಕದಲ್ಲಿ ಮತ್ತೆ ನಿಲ್ಲಿಸಿಕೊಳ್ಳುವ ಕೆಲಸ ಮಾತ್ರ ಆಡುವವರದೇ. ಅದನ್ನು ಯಾವ ಸಂಸ್ಥೆಯೂ ನಮಗೆ ಮಾಡಿಕೊಡುವುದಿಲ್ಲ.