ಗೆರ್ಡ್ ಮುಲ್ಲರ್: ಇಕ್ಕಟ್ಟಿನ ಜಾಗದ ಕಲೆಗಾರ

ಗೆರ್ಡ್ ಮುಲ್ಲರ್ (1945–2021) ಜರ್ಮನಿಯ ಫುಟ್‌ಬಾಲ್ ಕಂಡ ಅತ್ಯಂತ ಸಮರ್ಥ ಫಾರ್ವರ್ಡ್ ಆಟಗಾರ. ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾದಲ್ಲಿ 427 ಪಂದ್ಯಗಳಿಂದ 365 ಗೋಲು, ಪಶ್ಚಿಮ ಜರ್ಮನಿಯ ಪರವಾಗಿ 62 ಪಂದ್ಯಗಳಿಂದ 68 ಗೋಲು ಅವರ ಗಳಿಕೆ. ಇಷ್ಟಿದ್ದರೂ ಆಟದ ಸೊಗಸಿನ ಮಾತು ಬಂದಾಗ ಅವರ ಹೆಸರು ಹಿಂದಕ್ಕೆ ಸರಿಯುತ್ತದೆ. ಗೋಲಿನ ಮುಂದೆ ಕಾದು ನಿಂತು, ತಾನಾಗಿ ಬಂದ ಚೆಂಡನ್ನು ಒಳಗೆ ತಳ್ಳಿದ ಅದೃಷ್ಟವಂತ ಎಂಬಂತೆ ಅವರನ್ನು ಅಳೆಯುವವರಿದ್ದಾರೆ. ಅವರ ಆಟವನ್ನು ಕ್ರಮವಾಗಿ ನೋಡಿದರೆ ಈ ಅಳತೆ ಎಷ್ಟು ತಪ್ಪೆಂಬುದು ತಿಳಿಯುತ್ತದೆ.

ಬವೇರಿಯಾದ ನೋರ್ಡ್‌ಲಿಂಗೆನ್ ಪಟ್ಟಣದಲ್ಲಿ ಹುಟ್ಟಿದ ಮುಲ್ಲರ್ 1964ರಲ್ಲಿ ಬಯರ್ನ್ ಮ್ಯೂನಿಕ್ ಸೇರಿದರು. ಆಗ ಆ ಕ್ಲಬ್ಬು ಎರಡನೆಯ ದರ್ಜೆಯ ಲೀಗಿನಲ್ಲಿತ್ತು. ಕೋಚ್ ಚಾಯ್ಕೋವ್‌ಸ್ಕಿ ಅವರನ್ನು ‘ಕುಳ್ಳ, ದಪ್ಪ ಮುಲ್ಲರ್’ ಎಂದು ಕರೆದದ್ದು ಪ್ರಸಿದ್ಧ. ಮರುವರ್ಷವೇ ಬಯರ್ನ್ ಬುಂಡೆಸ್‌ಲಿಗಾಕ್ಕೆ ಏರಿತು. 1967ರಿಂದ 1978ರ ನಡುವೆ ಮುಲ್ಲರ್ ಏಳು ಬಾರಿ ಲೀಗಿನ ಅತಿ ಹೆಚ್ಚು ಗೋಲು ಹೊಡೆದ ಆಟಗಾರರೆನಿಸಿದರು. 1971–72ರ ಋತುವಿನಲ್ಲಿ ಅವರು ಹೊಡೆದ 40 ಗೋಲುಗಳ ದಾಖಲೆಯನ್ನು ಮುರಿಯಲು 2021ರಲ್ಲಿ ಲೆವಾಂಡೊವ್‌ಸ್ಕಿಯೇ ಬರಬೇಕಾಯಿತು.

ಕೆಲವರು ಕೊರತೆಯೆಂದು ಕಂಡ ಆ ಕುಳ್ಳ, ದಪ್ಪ ಮೈಕಟ್ಟೇ ಅವರ ಬಂಡವಾಳ. ಗಿಡ್ಡ ಕಾಲು, ದಪ್ಪ ತೊಡೆ, ನೆಲಕ್ಕೆ ಹತ್ತಿರವಾದ ದೇಹಭಾರ: ಇವುಗಳಿಂದಾಗಿ ಡಿಫೆಂಡರ್ ಬೆನ್ನಿಗೆ ಅಂಟಿಕೊಂಡಿದ್ದರೂ ಅವರು ಸಮತೋಲ ತಪ್ಪದೆ ಗಿರಕ್ಕನೆ ತಿರುಗಬಲ್ಲವರಾಗಿದ್ದರು. ಮೊದಲ ಕೆಲವು ಹೆಜ್ಜೆಗಳ ವೇಗದಲ್ಲಿ ಅವರನ್ನು ಹಿಡಿಯುವುದು ಕಷ್ಟವಾಗಿತ್ತು. ಹೊಡೆತಕ್ಕೆ ಜೋರಿಗಿಂತ ಹೊತ್ತು ಮುಖ್ಯವೆಂದು ಅವರು ಅರಿತಿದ್ದರು. ಕಾಲೆತ್ತಿ ಸಿದ್ಧರಾಗದೆ, ಗೋಲ್‌ಕೀಪರ್ ಸಾವರಿಸಿಕೊಳ್ಳುವ ಮುನ್ನವೇ ಚೆಂಡನ್ನು ನೆಲದ ಮೇಲೆ ಮೂಲೆಗೆ ಕಳಿಸುತ್ತಿದ್ದರು. ಬಿದ್ದಲ್ಲಿಂದ, ಕೂತಲ್ಲಿಂದ ಹೊಡೆದ ಗೋಲುಗಳೂ ಅವರ ಲೆಕ್ಕದಲ್ಲಿವೆ.

1970ರ ಮೆಕ್ಸಿಕೊ ವಿಶ್ವಕಪ್ ಈ ಕೌಶಲವನ್ನು ಜಗತ್ತಿಗೆ ತೋರಿಸಿತು. ಬಲ್ಗೇರಿಯಾ ಮತ್ತು ಪೆರು ವಿರುದ್ಧ ಸತತ ಎರಡು ಹ್ಯಾಟ್ರಿಕ್, ಇಂಗ್ಲೆಂಡನ್ನು ಹೆಚ್ಚುವರಿ ಅವಧಿಯಲ್ಲಿ ಮನೆಗೆ ಕಳಿಸಿದ ಗೋಲು, ಇಟಲಿ ಎದುರಿನ ಸೆಮಿಫೈನಲ್ ಸೋಲಿನಲ್ಲೂ ಎರಡು ಗೋಲು; ಇಡೀ ಟೂರ್ನಿಯಲ್ಲಿ ಒಟ್ಟು ಹತ್ತು. ಆ ವರ್ಷದ ಬ್ಯಾಲನ್ ಡಿ’ಓರ್ ಪ್ರಶಸ್ತಿ ಅವರ ಪಾಲಾಯಿತು. 1972ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು ಜರ್ಮನಿ 3–0ರಿಂದ ಮಣಿಸಿದಾಗ ಎರಡು ಗೋಲು ಅವರವೇ.

ಅವರ ಕಲೆಯನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ 1974ರ ವಿಶ್ವಕಪ್ ಫೈನಲ್‌ನ 43ನೇ ನಿಮಿಷವನ್ನು ನೋಡಬೇಕು. ಮ್ಯೂನಿಕ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಪಂದ್ಯ 1–1ರ ಸಮದಲ್ಲಿತ್ತು. ಬಲಗಡೆಯಿಂದ ಸಹ ಆಟಗಾರ ಬೊನ್‌ಹೋಫ್ ಚೆಂಡನ್ನು ಒಳಕ್ಕೆ ಕಳಿಸಿದಾಗ ಮುಲ್ಲರ್ ಅದಕ್ಕಿಂತ ಮುಂದೆ ಓಡಿಬಿಟ್ಟಿದ್ದರು. ಮೊದಲ ಸ್ಪರ್ಶದಲ್ಲಿ ಚೆಂಡು ಅವರಿಂದ ಹಿಂದಕ್ಕೆ ಸರಿಯಿತು. ಗೋಲಿನಿಂದ ದೂರವಾಗುತ್ತಿದ್ದ ಆ ಚೆಂಡಿನತ್ತ ಹಿಂದೆ ಬಂದು, ತಿರುಗುತ್ತಲೇ ಅವರು ಹೊಡೆದ ಹೊಡೆತ ಜೋರಿನದಲ್ಲ. ಆದರೆ ಗೋಲ್‌ಕೀಪರ್ ಯೊಂಗ್‌ಬ್ಲುಡ್‌ಗೆ ಕದಲಲು ಸಮಯವಿರಲಿಲ್ಲ. ಅದೃಷ್ಟದಿಂದ ಚೆಂಡು ಸಿಗಬಹುದು, ಕೈತಪ್ಪುತ್ತಿದ್ದ ಚೆಂಡನ್ನು ಹೀಗೆ ಗೋಲಾಗಿಸಲು ಅಭ್ಯಾಸವೇ ಬೇಕು. ಜರ್ಮನಿ ವಿಶ್ವಕಪ್ ಗೆದ್ದದ್ದು ಈ ಗೋಲಿನಿಂದ.

ಮಿತಿಗಳನ್ನೂ ಹೇಳಬೇಕು. ಪೆನಾಲ್ಟಿ ಆವರಣಕ್ಕೆ ಚೆಂಡನ್ನು ತಂದುಕೊಡುವವರು ಮುಲ್ಲರ್‌ಗೆ ಬೇಕಿತ್ತು. ಸಹ ಆಟಗಾರ ಬೆಕೆನ್‌ಬಾವರ್ ಹಿಂದಿನಿಂದ ಆಟ ಕಟ್ಟುತ್ತಿದ್ದ ತಂಡದಲ್ಲಿ ಅವರು ಅರಳಿದರು. ಆದರೆ ಈ ಋಣ ಎರಡೂ ಕಡೆಯದು. ಕಟ್ಟಿದ ಆಟವನ್ನು ಗೋಲಾಗಿ ಮುಗಿಸುವವರಿಲ್ಲದೆ ಬಯರ್ನ್ 1974, 1975, 1976ರಲ್ಲಿ ಸತತ ಮೂರು ಯುರೋಪಿಯನ್ ಕಪ್ ಗೆಲ್ಲುವುದು ಕಷ್ಟವಿತ್ತು. 1974ರ ಫೈನಲ್ ಬೆನ್ನಲ್ಲೇ, ಕೇವಲ 28ರ ವಯಸ್ಸಿನಲ್ಲಿ ರಾಷ್ಟ್ರತಂಡ ಬಿಟ್ಟದ್ದು ಅವರ ದಾಖಲೆಯನ್ನು ಮೊಟಕುಗೊಳಿಸಿತು.

1979ರಲ್ಲಿ ಅವರು ಅಮೆರಿಕದ ಫೋರ್ಟ್ ಲಾಡರ್‌ಡೇಲ್ ತಂಡ ಸೇರಿದರು. ನಿವೃತ್ತಿಯ ನಂತರ ಕುಡಿತದ ಚಟ ಅವರನ್ನು ಹಣ್ಣಾಗಿಸಿತು. ಹಳೆಯ ಜೊತೆಗಾರರ ನೆರವಿನಿಂದ ಚೇತರಿಸಿಕೊಂಡು ಬಯರ್ನ್‌ನಲ್ಲೇ ತರಬೇತುದಾರರಾಗಿ ದುಡಿದರು. ಆಲ್‌ಝೈಮರ್ ಕಾಯಿಲೆಯಿಂದ ಬಳಲಿ 2021ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಅವರ ದಾಖಲೆಗಳಲ್ಲಿ ಕೆಲವು ಈಗ ಬೇರೆಯವರ ಹೆಸರಿನಲ್ಲಿವೆ. ವಿಶ್ವಕಪ್‌ನ 14 ಗೋಲುಗಳನ್ನು ಬ್ರೆಜಿಲ್‌ನ ರೊನಾಲ್ಡೊ 2006ರಲ್ಲಿ ದಾಟಿದರು. ಜರ್ಮನಿಯ ಪರ 68 ಗೋಲುಗಳನ್ನು 2014ರಲ್ಲಿ ಕ್ಲೋಸ ದಾಟಿ 71ಕ್ಕೆ ಮುಟ್ಟಿದರು, ಆದರೆ ಅದಕ್ಕೆ 137 ಪಂದ್ಯ ಬೇಕಾಯಿತು. ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು ಗೋಲೆಂಬ ಮುಲ್ಲರ್ ಸರಾಸರಿಯಲ್ಲಿ ವಿಶ್ವದ ಬಲಿಷ್ಠ ತಂಡಗಳ ಎದುರು, ದೊಡ್ಡ ಫೈನಲ್‌ಗಳಲ್ಲಿ ಬಂದ ಗೋಲುಗಳೂ ಇವೆ. ಹತ್ತಾರು ಗಜ ಚೆಂಡು ಒಯ್ಯುವ ಓಟವನ್ನು ಸೌಂದರ್ಯವೆಂದು ಮೆಚ್ಚುವ ವಿಮರ್ಶೆ, ಎರಡು ಗಜದೊಳಗಿನ ಈ ತಿರುವಿಗೂ ಅದೇ ಗೌರವ ಕೊಡಬೇಕು.